ಒಂದೆಳೆ ಗಾಳಿ

ದ್ವೀಪದ ಆಸ್ಪತ್ರೆ
ಡಿಸೆಂಬರ್ 12, ಶುಕ್ರವಾರ

ಅಕ್ಕನವರಿಗೆ,

ಆರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳಲು ಹೊತ್ತಿಲ್ಲ. ಸಂಜೆ ಹೊರಡುವ ದೋಣಿಗೆ ಟಪಾಲು ಚೀಲ ಕಟ್ಟುತ್ತಾರೆ. ಇಲ್ಲಿ ವಾರ್ಡುಗಳಲ್ಲಿ ಜ್ವರ ಹಬ್ಬಿದೆ. ಮೊನ್ನೆಯಿಂದ ಡಾಕ್ಟರು, ನಾವು ನರ್ಸುಗಳು, ಅಡುಗೆಯವರು ಯಾರೂ ದ್ವೀಪ ಬಿಟ್ಟು ಹೊರಡುವಂತಿಲ್ಲ. ವರ್ಷದ ಕೊನೆಯ ರಜೆ ಮುಗಿಯುವ ತನಕ ಹೀಗೇ ಎನ್ನುತ್ತಾರೆ. ಬಿರುಗಾಳಿಗೆ ಫೋನಿನ ತಂತಿ ಕಡಿದಿದೆ. ಮಂಗಳವಾರ, ಶುಕ್ರವಾರ ದೋಣಿ ಬಂದು ನಮ್ಮ ಕಾಗದಗಳಿಗೆ ಔಷಧದ ಹೊಗೆ ಹಾಕಿ ಒಯ್ಯುತ್ತದೆ. ದಡಕ್ಕೂ ನಮಗೂ ಅಷ್ಟೇ ನಂಟು.

ಮಕ್ಕಳು ಪಕ್ಕದ ಮನೆಯ ಟೀಚರ್ ಹತ್ತಿರ ಇದ್ದಾರೆ. ಅವರು ರಜೆಗೆಂದು ಹದಿನೈದನೇ ತಾರೀಖು ಮಗಳ ಮನೆಗೆ ಹೊರಡುತ್ತಾರೆ. ನಮ್ಮ ಯಜಮಾನರು ಕೆಲಸಕ್ಕಿರುವ ಹಡಗು ಫೆಬ್ರವರಿಗೆ ಮೊದಲು ದಡ ಕಾಣುವುದಿಲ್ಲ. ಬೇರೆ ಯಾರಿದ್ದಾರೆ ಎಂದು ಎರಡು ದಿನ ಯೋಚಿಸಿದೆ. ಯಾರೂ ಇಲ್ಲ. ಗಿಣಿಗೆ ಈಗ ಏಳು ತುಂಬಿತು. ಅವಳ ತಮ್ಮನನ್ನು ನೀವು ನೋಡಿಯೇ ಇಲ್ಲ. ನಾಲ್ಕು ವರ್ಷದವನು, ಚಿಲ್ಟು ಎಂದು ಕರೆಯುತ್ತೇವೆ.

ಬರುವುದಾದರೆ ದಯವಿಟ್ಟು ಇವಿಷ್ಟನ್ನು ಪಾಲಿಸಿ. ಮಾತ್ರೆ, ಟಾನಿಕ್ಕು ಎಲ್ಲ ಬೀರುವಿನ ಮೇಲಿನ ಅರೆಯಲ್ಲಿ, ಬೀಗ ಹಾಕಿ. ಪಾತ್ರೆಯ ಹಿಡಿ ಒಲೆಯಿಂದ ಹೊರಗೆ ಚಾಚದಿರಲಿ. ಆಟಿಕೆಯ ಗುಂಡಿ ಬ್ಯಾಟರಿ ಚಿಲ್ಟುವಿನ ಬಾಯಿಗೆ ಹೋದೀತು, ತೆಗೆದಿಡಿ. ಬಕೆಟ್ಟಿನಲ್ಲಿ ನೀರು ಬಿಡಬೇಡಿ. ಬಾಗಿಲು ಬಡಿದರೆ ಮಕ್ಕಳು ತೆಗೆಯಕೂಡದು.

ಇಸ್ತ್ರಿಪೆಟ್ಟಿಗೆಯನ್ನು ನಾನೇ ಎತ್ತಿಟ್ಟು ಬಂದಿದ್ದೇನೆ.

ನಿಮ್ಮ ತಂಗಿ


ಡಿಸೆಂಬರ್ 15, ಸೋಮವಾರ

ತಂಗೀ,

ನಾನು ಯಾವಾಗಿನಿಂದ ನಿನಗೆ ‘ನೀವು’ ಆದೆ? ಚಿಕ್ಕಂದಿನಲ್ಲಿ ನನ್ನ ಜಡೆ ಹಿಡಿದು ಎಳೆದು ‘ಏಯ್’ ಎಂದು ಕರೆಯುತ್ತಿದ್ದವಳು ನೀನು. ಇರಲಿ. ನಿನ್ನ ಕಾಗದ ಶನಿವಾರ ಕೈಗೆ ಬಂತು. ಅಂಗಡಿಗೆ ಬೀಗ ಹಾಕಿ, ರಿಪೇರಿಗೆ ಬಂದಿದ್ದ ಹದಿನಾಲ್ಕು ಗಡಿಯಾರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಬಂದೆ. ರಜೆಯಲ್ಲೂ ಜನರಿಗೆ ಹೊತ್ತು ಗೊತ್ತಾಗಬೇಕಲ್ಲ.

ಟೀಚರ್ ನನ್ನನ್ನು ಮನೆಯೊಳಗೆ ಬಿಟ್ಟರು. ನಿನ್ನ ಮಗಳು ಬಿಡಲಿಲ್ಲ. ಹೊಸಿಲಿನ ಮೇಲೆ ನಿಂತು, “ನೀವು ದೊಡ್ಡಮ್ಮ ಅಂತ ಹೇಗೆ ನಂಬೋದು?” ಎಂದಳು.

“ನಿಮ್ಮಮ್ಮನ ಎಡಗಿವಿ ಹಿಂದೆ ಒಂದು ಮಚ್ಚೆ ಇದೆ,” ಎಂದೆ.

ಸ್ವಲ್ಪ ಯೋಚಿಸಿ, “ಅದು ಎಲ್ಲರಿಗೂ ಕಾಣತ್ತೆ. ಯಾರಿಗೂ ಕಾಣದೇ ಇರೋದು ಹೇಳಿ,” ಎಂದಳು. ತಾಯಿಯಂತೆ ಮಗಳು. ಕೊನೆಗೆ ಚಿಲ್ಟು ನನ್ನ ಚೀಲದೊಳಗೆ ಹದಿನಾಲ್ಕು ಟಿಕ್‌ಟಿಕ್ ಕೇಳಿ, ಕಿವಿ ಅಂಟಿಸಿಕೊಂಡು ಕುಳಿತುಬಿಟ್ಟ. ನಾನು ದೊಡ್ಡಮ್ಮನೆಂದು ಸಾಬೀತಾಯಿತು.

ಗಿಣಿಯ ಅಂಗೈ ನೋಡಿದೆ. ಸುಟ್ಟ ಕಲೆ ಇನ್ನೂ ಇದೆ. ಅವಳು ಅದನ್ನು ಬಚ್ಚಿಡುವುದಿಲ್ಲ, ನಾನೇ ಬೇರೆ ಕಡೆ ನೋಡಿದೆ.

ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ಬ್ಯಾಟರಿ ನಾಲ್ಕು ಸಿಕ್ಕವು. ಒಂದು ಸೋಫಾದ ಸಂದಿಯಲ್ಲಿತ್ತು.

ನಿನ್ನ ಅಕ್ಕ


ಡಿಸೆಂಬರ್ 18, ಗುರುವಾರ

ಅಕ್ಕ,

ಕೈ ‘ನೀವು’ ಎಂದೇ ಬರೆಯುತ್ತದೆ, ಬಿಡಿ.

ಬಂದಿರಲ್ಲ, ಅದಕ್ಕೆ ಏನು ಹೇಳಲಿ. ಇನ್ನೊಂದು ವಿಷಯ ಬಿಟ್ಟುಹೋಗಿತ್ತು, ಅದೇ ಎಲ್ಲಕ್ಕಿಂತ ಮುಖ್ಯ. ಚಿಲ್ಟುವಿಗೆ ಎದೆ ಮೆದು. ಹೋದ ಚಳಿಗಾಲದಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಪಕ್ಕೆಗಳು ಒಳಗೆ ಎಳೆದುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಮನೆಯ ಕಿಟಕಿಗಳು ಹಳೆಯವು, ಸಂದಿಯಲ್ಲೆಲ್ಲ ಗಾಳಿ ನುಗ್ಗುತ್ತದೆ. ಕಾಗದದ ಪಟ್ಟಿ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿ. ಹಜಾರದ ಗೋಡೆಯ ಮೇಲಿರುವ ಗಾಳಿಕಿಂಡಿಗೆ ಹಳೆ ಬಟ್ಟೆ ತುರುಕಿ. ಗ್ಯಾಸ್ ಹೀಟರ್ ಹಗಲೂ ಉರಿಯುತ್ತಿರಲಿ. ಒಂದೆಳೆ ಗಾಳಿಯೂ ಒಳಗೆ ಬರಬಾರದು. ಈ ಒಂದು ಮಾತು ನಡೆಸಿಕೊಡಿ.

ನಿಮ್ಮ ತಂಗಿ


ಡಿಸೆಂಬರ್ 22, ಸೋಮವಾರ

ತಂಗೀ,

ಮೂರು ಕಿಟಕಿ, ಎರಡು ಬಾಗಿಲು, ಒಂದು ಗಾಳಿಕಿಂಡಿ. ಗಿಣಿ ಪಟ್ಟಿ ಕತ್ತರಿಸಿದಳು, ನಾನು ಅಂಟಿಸಿದೆ, ಚಿಲ್ಟು ತನ್ನ ಹೊಟ್ಟೆಗೆ ಗೋಂದು ಹಚ್ಚಿಕೊಂಡ. ಈಗ ದೀಪದ ಕುಡಿ ಹಿಡಿದರೂ ಅಲುಗುವುದಿಲ್ಲ. ನಾನಾಗಿದ್ದರೆ ಗಾಳಿಕಿಂಡಿಯನ್ನಾದರೂ ಬಿಡುತ್ತಿದ್ದೆ. ಆದರೆ ಮಕ್ಕಳು ನಿನ್ನವು, ಮಾತೂ ನಿನ್ನದೇ ನಡೆಯಲಿ. ಹೀಟರಿನ ಉರಿ ಮೊದಲು ನೀಲಿಯಾಗಿತ್ತು, ಈಗ ಹಳದಿಯಾಗಿ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಗಾಜಿನ ಮೇಲೆ ಹನಿಗಟ್ಟುತ್ತದೆ, ಚಿಲ್ಟು ಅದರಲ್ಲಿ ಬೆರಳಿನಿಂದ ಆನೆ ಬರೆಯುತ್ತಾನೆ.

ಬೀದಿಯೆಲ್ಲ ಖಾಲಿ. ರಜೆಗೆ ಎಲ್ಲರೂ ಎಲ್ಲಿಗೋ ಹೋಗಿದ್ದಾರೆ. ಬೇಕರಿಯವನೂ ಬಾಗಿಲು ಹಾಕಿದ. ನಿಮ್ಮ ಬೆಕ್ಕು ಶನಿವಾರದಿಂದ ಒಳಗೆ ಬರುತ್ತಿಲ್ಲ. ಹಾಲಿಟ್ಟು ಕರೆದರೆ ಹೊಸಿಲಿನ ಆಚೆ ನಿಂತು ನನ್ನ ಹಿಂದೆ ಯಾರನ್ನೋ ನೋಡುತ್ತದೆ.

ಬರೆಯಲೋ ಬೇಡವೋ ಎಂದುಕೊಂಡೆ. ಬರೆದುಬಿಡುತ್ತೇನೆ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಒಳಕೋಣೆಯಲ್ಲಿ ಯಾರೋ ನಡೆದ ಸದ್ದಾಗುತ್ತದೆ. ಬರಿಗಾಲಿನ ಸದ್ದು. ಏಳು ಹೆಜ್ಜೆ, ಆಮೇಲೆ ನಿಲ್ಲುತ್ತದೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದೇ ನನ್ನ ಕಸುಬು. ಮೂವತ್ತು ವರ್ಷದಿಂದ ಗಡಿಯಾರಗಳಿಗೆ ಕಿವಿ ಕೊಟ್ಟವಳು. ಹೋಗಿ ನೋಡಿದರೆ ಕೋಣೆ ಖಾಲಿ.

ಗಿಣಿಯನ್ನು ಕೇಳಿದೆ. ಅವಳು ಬಣ್ಣ ಹಚ್ಚುತ್ತ, ತಲೆ ಎತ್ತದೆ, “ಅದು ಗೋಡೆ ಆಂಟಿ,” ಎಂದಳು.

“ಯಾವ ಆಂಟಿ?”

“ಗೋಡೆಯಿಂದ ಬರ್ತಾರಲ್ಲ, ಅವರು. ಚಿಲ್ಟುಗೂ ಗೊತ್ತು.”

ನೀನು ಹಿಂದೆಂದಾದರೂ ಇಂಥದ್ದು ಕೇಳಿದ್ದೆಯಾ?

ನಿನ್ನ ಅಕ್ಕ


ಡಿಸೆಂಬರ್ 25, ಗುರುವಾರ

ಅಕ್ಕ,

ಆ ಮನೆಯಲ್ಲಿ ಐದು ವರ್ಷ ಇದ್ದೇನೆ. ಯಾವ ಸದ್ದೂ ಇಲ್ಲ, ಯಾವ ಆಂಟಿಯೂ ಇಲ್ಲ. ಮಕ್ಕಳಿಗೆ ದೆವ್ವದ ಕಥೆ ಹೇಳುತ್ತಿದ್ದೀರಾ? ಹೇಳುವುದಾದರೆ ನಿಲ್ಲಿಸಿ. ಅಥವಾ ನಿಜವಾಗಿಯೂ ಯಾರೋ ಮನೆಯೊಳಗೆ ಬರುತ್ತಿದ್ದಾರೆ. ಬೀದಿ ಖಾಲಿ ಎಂದಿರಿ. ಹಿತ್ತಿಲ ಬಾಗಿಲಿಗೆ ಇನ್ನೊಂದು ಬೀಗ ಹಾಕಿ, ಮಂಚದ ಕೆಳಗೆ ನೋಡಿ. ಮಕ್ಕಳನ್ನು ಒಂದು ಕ್ಷಣವೂ ಕಣ್ಣಿನಿಂದ ಮರೆಯಾಗಲು ಬಿಡಬೇಡಿ. ಒಂದು ಕ್ಷಣ ಸಾಕು. ಅದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಈ ವಾರ ಮೂರು ಜನ ಹೋದರು. ನಿದ್ದೆಯಿಲ್ಲ. ಮಾತು ಒರಟಾಗಿದ್ದರೆ ಅದಕ್ಕೇ.

ನಿಮ್ಮ ತಂಗಿ


ಡಿಸೆಂಬರ್ 31, ಬುಧವಾರ

ತಂಗೀ,

ಅಕ್ಷರ ಅಂಕುಡೊಂಕಾಗಿದೆ, ಬೇಸರ ಮಾಡಿಕೊಳ್ಳಬೇಡ. ತಲೆಗೆ ಯಾರೋ ಹಗ್ಗ ಸುತ್ತಿ ಬಿಗಿದಂತಿದೆ.

ನಾನು ಯಾವ ಕಥೆಯನ್ನೂ ಹೇಳಿಲ್ಲ. ಬೀಗ ಹಾಕಿದ್ದೇನೆ. ಮಂಚದ ಕೆಳಗೆ, ಬೀರುವಿನೊಳಗೆ, ಬಚ್ಚಲ ಮೂಲೆಯಲ್ಲಿ ಎಲ್ಲ ನೋಡಿದೆ. ಯಾರೂ ಇಲ್ಲ. ಯಾರಾದರೂ ಸಿಕ್ಕಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಭಾನುವಾರ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಚಿಲ್ಟುವಿಗೆ ಕಂಬಳಿ, ಟೋಪಿ, ಎರಡು ಸ್ವೆಟರ್. ಅಲ್ಲಿ ಮೂವರಿಗೂ ಹಾರಿದಷ್ಟು ಹಗುರ. ಗಿಣಿ ಜೋಕಾಲಿ ಬಿಟ್ಟು ಇಳಿಯಲೇ ಇಲ್ಲ, ನನ್ನ ತಲೆನೋವು ಗೇಟಿನ ಹತ್ತಿರವೇ ಇಳಿದುಹೋಯಿತು. ಮನೆಗೆ ಹೊರಡೋಣ ಎಂದಾಗ ಚಿಲ್ಟು ಬೇಲಿಯ ಕಂಬಿ ಹಿಡಿದುಕೊಂಡು, “ಮನೆ ಬೇಡ, ಮನೆ ತಲೆ ಒತ್ತತ್ತೆ,” ಎಂದು ಅತ್ತ. ಎತ್ತಿಕೊಂಡು ಬಂದೆ. ಬಂದ ಗಂಟೆಯೊಳಗೆ ಇಬ್ಬರೂ ವಾಂತಿ ಮಾಡಿದರು. ಪಾರ್ಕಿನ ಥಂಡಿಯೇ ಆಗಿರಬೇಕು ಎಂದು ಹೀಟರ್ ಹೆಚ್ಚಿಸಿದೆ.

ಸೋಮವಾರ ಮಧ್ಯಾಹ್ನ ಅವಳನ್ನು ನೋಡಿದೆ. ಬಿಸಿಲಿತ್ತು. ನಾನು ಮೇಜಿನ ಹತ್ತಿರ ಒಂದು ಕೈಗಡಿಯಾರ ಬಿಚ್ಚಿಟ್ಟು, ಯಾವ ಚಕ್ರ ಎಲ್ಲಿಗೆ ಎಂಬುದು ತಿಳಿಯದೆ ಸುಮ್ಮನೆ ಕುಳಿತಿದ್ದೆ. ಹೀಟರಿನ ಪಕ್ಕದ ಮೋಟುಸ್ಟೂಲಿನ ಮೇಲೆ ಒಬ್ಬ ಹೆಂಗಸು, ನನಗೆ ಬೆನ್ನು ಮಾಡಿ, ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ನೆಲ ಒಣಗಿತ್ತು.

“ಯಾರಮ್ಮಾ ನೀವು?” ಎಂದೆ.

ತಿರುಗಲಿಲ್ಲ. “ಇಲ್ಲಿ ಬಹಳ ಬಿಗಿ,” ಎಂದಳು. ಮನೆಗೆ ಬಂದ ನೆಂಟರು ಹೇಳುವ ಹಾಗೆ, ಮೆಲ್ಲಗೆ.

ಹಾಸಿಗೆಯಲ್ಲಿದ್ದ ಗಿಣಿ, “ದೊಡ್ಡಮ್ಮಾ, ಅವರ ಹತ್ರ ಮಾತಾಡ್ಬೇಡಿ. ಅವರು ನಿದ್ದೆ ಮಾಡಿಸ್ತಾರೆ,” ಎಂದಳು. ನಾನು ಗಿಣಿಯ ಕಡೆ ನೋಡಿ ತಿರುಗುವಷ್ಟರಲ್ಲಿ ಸ್ಟೂಲು ಬರಿದಾಗಿತ್ತು.

ಈಗ ಅವಳು ದಿನವೂ ಬರುತ್ತಾಳೆ. ಮಕ್ಕಳು ಹಗಲೆಲ್ಲ ಮಲಗುತ್ತಾರೆ. ಊಟ ಬೇಡ, ಆಟ ಬೇಡ. ಒಂದು ಸಮಾಧಾನವೆಂದರೆ ಇಬ್ಬರ ಕೆನ್ನೆಗೂ ಬಣ್ಣ ಬಂದಿದೆ, ಗುಲಾಬಿಯ ಹಾಗೆ. ನೀನು ನೋಡಿದ್ದರೆ ಸಂತೋಷಪಡುತ್ತಿದ್ದೆ. ಒಂದೆಳೆ ಗಾಳಿಯೂ ಒಳಗೆ ಬಂದಿಲ್ಲ. ನಾನು ಈ ಸಲ ಒಂದು ಕ್ಷಣವೂ ಅವರ ಮೇಲಿಂದ ಕಣ್ಣು ಕದಲಿಸಿಲ್ಲ.

ನಿನ್ನ ಅಕ್ಕ


ಜನವರಿ 2, ಶುಕ್ರವಾರ
ಬೆಳಿಗ್ಗೆ ಹನ್ನೊಂದೂ ಕಾಲು

ಅಕ್ಕಾ,

ಈ ಕಾಗದ ನಿನ್ನ ಕೈಗೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಒಂದು ಕಡೆಗೋ ಇನ್ನೊಂದು ಕಡೆಗೋ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ.

ಹತ್ತೂವರೆಗೆ ದೋಣಿ ಬಂತು. ನಿನ್ನ ಕಾಗದವನ್ನು ವಾರ್ಡಿನ ಬಾಗಿಲಲ್ಲೇ ನಿಂತು ಓದಿದೆ. ಕೆನ್ನೆ ಗುಲಾಬಿ ಎಂಬಲ್ಲಿಗೆ ಬಂದಾಗ ಕಾಗದ ಹಿಡಿದುಕೊಂಡೇ ದೊಡ್ಡ ಡಾಕ್ಟರರ ಕೋಣೆಗೆ ಓಡಿದೆ. ಅದು ಆರೋಗ್ಯದ ಬಣ್ಣ ಅಲ್ಲ ಅಕ್ಕಾ. ಹೀಟರ್ ಸರಿಯಾಗಿ ಉರಿಯದೆ ವಿಷದ ಗಾಳಿ ಬಿಡುತ್ತಿದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಒತ್ತುತ್ತದೆ, ವಾಂತಿಯಾಗುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಆಮೇಲೆ ನಿದ್ದೆ ಬರುತ್ತದೆ. ಹಳದಿ ಉರಿ ಎಂದು ನೀನು ಹತ್ತು ದಿನದ ಹಿಂದೆಯೇ ಬರೆದಿದ್ದೆ. ಬೆಕ್ಕು ಒಳಗೆ ಬರುವುದಿಲ್ಲ ಎಂದೂ ಬರೆದಿದ್ದೆ. ನಾನು ನರ್ಸು. ನನ್ನ ಕಣ್ಣ ಮುಂದೆಯೇ ಬರೆದಿತ್ತು, ನಾನು ಅದರಲ್ಲಿ ನಿನ್ನ ತಪ್ಪು ಹುಡುಕುತ್ತಿದ್ದೆ.

ದೊಡ್ಡ ಡಾಕ್ಟರರ ಕಾಲು ಹಿಡಿದೆ. ಅವರು ತುರ್ತಿಗೆಂದು ಮಾತ್ರ ಇಟ್ಟಿರುವ ವೈರ್‌ಲೆಸ್‌ನಲ್ಲಿ ಬಂದರು ಕಚೇರಿಗೆ ಸುದ್ದಿ ಕೊಟ್ಟರು. ಅಲ್ಲಿಯವರು ಅಗ್ನಿಶಾಮಕ ಠಾಣೆಗೆ ತಿಳಿಸುತ್ತೇವೆ ಎಂದರಂತೆ. ತಿಳಿಸಿದರೋ ಇಲ್ಲವೋ. ರಜೆಯ ದಿನ, ಠಾಣೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ.

ಹನ್ನೊಂದೂ ಮುಕ್ಕಾಲು. ಉತ್ತರ ಬಂದಿಲ್ಲ.

ಗಾಳಿಕಿಂಡಿ ಮುಚ್ಚಲು ಹೇಳಿದವಳು ನಾನು. ನೀನಾಗಿದ್ದರೆ ಬಿಡುತ್ತಿದ್ದೆ, ಮುಚ್ಚಿಸಿದವಳು ನಾನು. ಆವತ್ತು ಗಿಣಿಯ ಅಂಗೈಗೆ ಇಸ್ತ್ರಿಪೆಟ್ಟಿಗೆ ತಾಗಿದಾಗ, ‘ಹೆತ್ತಿದ್ದರೆ ಗೊತ್ತಾಗುತ್ತಿತ್ತು’ ಎಂದು ನಿನಗೆ ಹೇಳಿದವಳೂ ನಾನೇ. ಬಾಗಿಲು ಬಡಿದ ಸದ್ದಿಗೆ ನೀನು ಎದ್ದುಹೋಗಿದ್ದೆ, ಅಷ್ಟೇ. ಬಾಗಿಲು ಬಡಿದವಳು ಯಾರು ಗೊತ್ತೇ? ನಾನು. ಬೀಗದ ಕೈ ಮರೆತು ವಾಪಸು ಬಂದಿದ್ದೆ.

ಹನ್ನೆರಡೂ ಐದು. ಮೆಟ್ಟಿಲ ಮೇಲೆ ಯಾರೋ ಬರುತ್ತಿದ್ದಾರೆ.

ತಂಗಿ


ಜನವರಿ 5, ಸೋಮವಾರ

ತಂಗೀ,

ಮೂವರೂ ಇದ್ದೇವೆ ಎಂಬ ಸುದ್ದಿ ನಿನಗೆ ಮುಟ್ಟಿದೆಯೆಂದು ಇಲ್ಲಿನ ಡಾಕ್ಟರು ಹೇಳಿದರು. ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ: ಮೂವರೂ ಇದ್ದೇವೆ. ಆಸ್ಪತ್ರೆಯಲ್ಲಿ ಎರಡು ದಿನ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ಚಿಲ್ಟು ಅದನ್ನು ತೆಗೆಯಲು ಬಿಡುತ್ತಿಲ್ಲ, ತಾನು ಆನೆಯಂತೆ. ಗಿಣಿ ಅರ್ಧ ದಿನ ಎಚ್ಚರವಾಗಲಿಲ್ಲ. ಎಚ್ಚರವಾದ ಮೇಲೆ ಡಾಕ್ಟರನ್ನು, “ನೀವು ಡಾಕ್ಟರ್ ಅಂತ ಹೇಗೆ ನಂಬೋದು?” ಎಂದಳು. ಆಗ ನಾನು ಹೊರಗೆ ಹೋಗಿ ಅತ್ತುಬಂದೆ.

ಆ ದಿನ ಏನಾಯಿತೆಂದು ನೀನು ಕೇಳುತ್ತೀ. ನೆನಪಿದ್ದಷ್ಟು ಹೇಳುತ್ತೇನೆ.

ಮಕ್ಕಳು ಬೆಳಿಗ್ಗೆ ಏಳಲೇ ಇಲ್ಲ. ನಾನು ಅವರ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿದ್ದೆ. ಎಬ್ಬಿಸಬೇಕು ಎಂದುಕೊಳ್ಳುತ್ತಿದ್ದೆ, ಕೈ ಏಳುತ್ತಿರಲಿಲ್ಲ. ಅವಳು ಬಂದಳು. ಇನ್ನೂ ಮೂರು ಗಂಟೆ ಆಗಿರಲಿಲ್ಲ. ಸ್ಟೂಲಿನ ಮೇಲೆ ಕೂರಲಿಲ್ಲ, ನೇರ ಕಿಟಕಿಗೆ ಹೋಗಿ ನಾನು ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದಳು. ಚರಚರ ಎಂದು ಕಾಗದ ಹರಿಯುವ ಸದ್ದು ಕೇಳುತ್ತಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂಗಿ ಒಂದು ಮಾತು ಹೇಳಿದ್ದಾಳೆ, ಅದನ್ನೂ ನಡೆಸಲು ಬಿಡುವುದಿಲ್ಲವಲ್ಲ ಇವಳು. “ಮುಟ್ಟಬೇಡ, ಮಗೂಗೆ ಗಾಳಿ ತಾಗತ್ತೆ,” ಎಂದು ಎದ್ದೆ. ಎಲ್ಲಿತ್ತೋ ಶಕ್ತಿ, ಮೈಮೇಲೆ ಬಿದ್ದೆ. ಅಲ್ಲಿ ಅವಳಿರಲಿಲ್ಲ. ಗಾಜಿತ್ತು.

ಮೊಣಕೈ ಆಚೆ ಹೋಯಿತು. ಒಂಬತ್ತು ಹೊಲಿಗೆ. ಅಗ್ನಿಶಾಮಕದವರು ಬಂದಾಗ ನಾನು ಒಡೆದ ಕಿಟಕಿಯ ಮೇಲೆ ಬಟ್ಟೆ ಒಣಗಿಹಾಕಿದ ಹಾಗೆ ಬಿದ್ದಿದ್ದೆನಂತೆ. ಗಾಜು ಒಡೆದು ಅರ್ಧ ಗಂಟೆಯಾಗಿರಬೇಕು, ಒಡೆಯದೇ ಇದ್ದಿದ್ದರೆ ತಾವು ಬರುವ ಅಗತ್ಯವಿರುತ್ತಿರಲಿಲ್ಲ ಎಂದರು. ಅಷ್ಟು ಹೇಳಿ, ನಮ್ಮನ್ನು ನೋಡಲು ಆಸ್ಪತ್ರೆಗೆ ಬಂದಿದ್ದ ಅವರ ಮುಖ್ಯಸ್ಥ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟು ಚಿಲ್ಟುವಿನ ಕಂಬಳಿ ಸರಿಮಾಡಿದ. ಅವನಿಗೂ ಮಕ್ಕಳಿರಬೇಕು.

ಇಂದು ಮಕ್ಕಳನ್ನು ನರ್ಸಿಗೆ ಒಪ್ಪಿಸಿ ಮನೆಗೆ ಹೋಗಿದ್ದೆ, ಹೀಟರಿನ ಮೆಕ್ಯಾನಿಕ್ ಬಂದಿದ್ದ. ಹೊಗೆಕೊಳವೆಯೊಳಗೆ ಹಕ್ಕಿಗೂಡು. ಹಿಡಿಯಷ್ಟು ಕಡ್ಡಿ, ಗರಿ, ಹರಿದ ದಾರ. ಅದನ್ನು ಪೇಪರಿನ ಮೇಲೆ ಸುರಿದು ತೋರಿಸಿದ. “ಇಷ್ಟೇ ಅಮ್ಮಾ,” ಎಂದ. ಹೆಜ್ಜೆ ಸದ್ದು ಕೇಳುತ್ತಿತ್ತು ಎಂದೆ. “ಈ ಗ್ಯಾಸು ತಲೇಲಿ ಏನು ಬೇಕಾದ್ರೂ ನಡೆಸತ್ತೆ,” ಎಂದ. ಗಾಳಿಕಿಂಡಿಯ ಬಟ್ಟೆಯನ್ನು ಅವನೇ ಎಳೆದು ತೆಗೆದ. ಯಾರು ತುರುಕಿದ್ದು ಎಂದು ಕೇಳಿದ.

ನಾನೇ ಎಂದೆ. ನೀನೂ ಅಕ್ಕನೇ ಎಂದು ಹೇಳು, ಯಾರಾದರೂ ಕೇಳಿದರೆ.

ಇಸ್ತ್ರಿಪೆಟ್ಟಿಗೆಯ ದಿನ ಬಾಗಿಲು ಬಡಿದವಳು ನೀನೆಂದು ನನಗೆ ಗೊತ್ತಿತ್ತು ಕಣೇ. ಬಾಗಿಲು ತೆಗೆದವಳು ನಾನೇ ಅಲ್ಲವೇ?

ನಿನ್ನ ಅಕ್ಕ


ಜನವರಿ 8, ಗುರುವಾರ

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದರಲ್ಲಿ ಏನೂ ಬರೆಯುವುದಿಲ್ಲ. ತಿಂಗಳ ಕೊನೆಗೆ ನಮ್ಮನ್ನು ಬಿಡುತ್ತಾರಂತೆ. ನಾನು ಬರುವ ತನಕ ಅಲ್ಲೇ ಇರು. ಬಂದ ಮೇಲೂ ಇರು.

ನಿನ್ನ ತಂಗಿ


ಮಾರ್ಚ್ 3, ಮಂಗಳವಾರ

ತಂಗೀ,

ನಿನ್ನ ಕಾಗದ, ಅದರ ಜೊತೆ ಗಿಣಿ ಬರೆದ ಚಿತ್ರ ಎರಡೂ ಬಂದವು. ನಿಮ್ಮ ಹಡಗಿನವರು ಬಂದಿಳಿದರೆಂದು ಓದಿ ಸಂತೋಷವಾಯಿತು. ಎಲ್ಲ ಕೋಣೆಗೂ ವಿಷದ ಗಾಳಿ ಬಂದರೆ ಬಡಿಯುವ ಗಂಟೆ ಹಾಕಿಸಿದ್ದೀಯಂತೆ, ಅದನ್ನು ಬಚ್ಚಲಿಗೂ ಹಾಕಿಸಬೇಕೆಂದು ಗಂಡನ ಜೊತೆ ಜಗಳವಾಡಿದ್ದೀಯಂತೆ. ಹಾಕಿಸು. ಹೆದರಿದವರು ಜಗಳವಾಡಲಿ, ಏನಾಯಿತು.

ನನ್ನ ಕೈ ಸರಿಹೋಗಿದೆ, ಸಣ್ಣ ತಿರುಪನ್ನೂ ಹಿಡಿಯುತ್ತದೆ. ಆ ಹದಿನಾಲ್ಕು ಗಡಿಯಾರಗಳಲ್ಲಿ ಐದನ್ನು ನಾನು ಆ ದಿನಗಳಲ್ಲಿ ಅಡ್ಡಾದಿಡ್ಡಿ ಜೋಡಿಸಿಬಿಟ್ಟಿದ್ದೆ. ಒಂದಂತೂ ಹಿಂದಕ್ಕೆ ನಡೆಯುತ್ತಿತ್ತು. ಎಲ್ಲ ಬಿಚ್ಚಿ ಮತ್ತೆ ಕೂಡಿಸಿದೆ. ನೀನು ಕರೆದಂತೆ ಶನಿವಾರ ಬರುತ್ತೇನೆ, ನಾಲ್ಕು ದಿನ ಇರುತ್ತೇನೆ. ಆದರೆ ಮಕ್ಕಳನ್ನು ನನ್ನೊಬ್ಬಳ ಹತ್ತಿರ ಬಿಟ್ಟು ಎಲ್ಲಿಗೂ ಹೋಗಬೇಡ. ನಿನ್ನ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ.

ಗಿಣಿಯ ಚಿತ್ರವನ್ನು ಅಂಗಡಿಯ ಗೋಡೆಗೆ ಹಚ್ಚಿದ್ದೇನೆ. ನಾನು, ಅವಳು, ಚಿಲ್ಟು, ಬೆಕ್ಕು. ಅಂಚಿನಲ್ಲಿ ಬೆನ್ನು ಮಾಡಿ ಕುಳಿತ ಇನ್ನೊಬ್ಬಳು. ಒದ್ದೆ ಕೂದಲು, ಬಾಚಣಿಗೆ, ಎಲ್ಲ ಸರಿಯಾಗಿದೆ. ಒದ್ದೆ ಕೂದಲಿನ ವಿಷಯ ನಾನು ನಿನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನೀನೂ ಹೇಳಿಲ್ಲ ಎನ್ನುತ್ತೀ. ಗಿಣಿ ಹಾಸಿಗೆಯಿಂದ ನೋಡಿರಬೇಕು ಎನ್ನೋಣವೆಂದರೆ, ನೋಡಲು ಅಲ್ಲಿ ಏನೂ ಇರಲಿಲ್ಲವಲ್ಲ. ನಾನು ಇದನ್ನು ಮೆಕ್ಯಾನಿಕ್‌ಗೆ ಕೇಳುವುದಿಲ್ಲ.

ಚಿತ್ರದ ಹಿಂದೆ ಅವಳು ಬರೆದಿದ್ದಾಳೆ: ‘ದೊಡ್ಡಮ್ಮಾ, ಗೋಡೆ ಆಂಟಿ ಈಗ ನಮ್ಮನೆಗೆ ಬರಲ್ಲ. ನಿಮ್ಮನೆಗೆ ಬಂದ್ರಾ?’

ಬಂದಿಲ್ಲ ಎಂದು ಅವಳಿಗೆ ಹೇಳು. ದಿನವೂ ಮೂರು ಗಂಟೆಗೆ ಅಂಗಡಿಯ ಬಾಗಿಲು ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಸ್ವಲ್ಪ ಹೊತ್ತು ಕುಳಿತು ನೋಡುತ್ತೇನೆ ಎಂಬುದನ್ನು ಹೇಳಬೇಡ.

ನಿನ್ನ ಅಕ್ಕ